ಹೆಸರು ಹೇಳದ ದೃಷ್ಟಾಂತ

ನೇಮನ್ ಹೊಳೆಯ ದಂಡೆಯ ಆ ಪುಟ್ಟ ಯೆಹೂದಿ ಊರಿನಲ್ಲಿ ಬ್ರೈನಾ ಹೆಬ್ಬಾತುಗಳ ಗರಿ ಕಿತ್ತು, ದಿಂಬು ತುಂಬಿ ಬದುಕುತ್ತಿದ್ದ ವಿಧವೆ. ಓದು ಬಾರದ ಅವಳಿಗೆ ಲೋಕ ತಿಳಿದದ್ದೆಲ್ಲ ಧರ್ಮಬೋಧಕ ರೆಬ್ ಅನ್ಶೆಲರ ಪ್ರವಚನದಿಂದಲೇ. ಶನಿವಾರ, ಸಬ್ಬತ್ತಿನ ಮಧ್ಯಾಹ್ನ, ಪ್ರಾರ್ಥನೆಯ ಸಿನಗಾಗಿನಲ್ಲಿ ಹೆಂಗಸರು ಕೂರುವ ಅಟ್ಟದ ಮುಂಚೂಣಿಯಲ್ಲಿ ಅವಳೇ.

“ದೃಷ್ಟಾಂತ ಯಾಕೆ ಹೇಳ್ತೀವಿ?” ಎನ್ನುತ್ತಿದ್ದರು ರೆಬ್. “ನೀನು ಕಳ್ಳ ಅಂದ್ರೆ ಯಾವನೂ ಕೂರಲ್ಲ, ಎದ್ದು ಹೋಗ್ತಾನೆ. ಒಂದೂರಲ್ಲಿ ಒಬ್ಬ ಕಳ್ಳ ಇದ್ದ ಅಂದ್ರೆ ಬಾಯಿಬಿಟ್ಕೊಂಡು ಕೇಳ್ತಾನೆ. ಮನೆಗೆ ಹೋದ್ಮೇಲೆ ಅದು ತಾನೇ ಅಂತ ಹೊಳೀತದೆ. ನಾಲ್ಕು ಜನರ ಮುಂದೆ ಮಾನ ಹೋಗಲ್ಲ, ಬುದ್ಧಿ ಬರ್ತದೆ.”

ಆ ಮಾತು ನಂಬಿಯೇ ಬ್ರೈನಾ ಅವರ ಮುಂದೆ ತನ್ನ ಗುಟ್ಟು ಬಿಚ್ಚಿದಳು. ಗಂಡ ಜ್ವರದಲ್ಲಿ ಸತ್ತ ವರ್ಷ, ಎದೆಹಾಲು ಬತ್ತಿದಾಗ, ಹಸುಗೂಸನ್ನು ಪಕ್ಕದೂರಿನ ಮಕ್ಕಳಿಲ್ಲದ, ಮೇಣದಬತ್ತಿ ಮಾಡಿ ಮಾರುವವರಿಗೆ ಕೊಟ್ಟಿದ್ದಳು. ಊರಿಗೆ, ಕೂಸು ತೀರಿಕೊಂಡಿತು ಎಂದಿದ್ದಳು. ಈಗ ಅಲ್ಲೇ ಬೆಳೆದ ಆ ಮಗಳು ಫ್ರುಮಾಳಿಗೆ ಮದುವೆ ಗೊತ್ತಾಗಿತ್ತು. ಹೇಳಲೋ ಬೇಡವೋ?

“ಸುಮ್ಮನಿರಮ್ಮ. ಈ ಮಾತು ಇಲ್ಲೇ ಹೂತುಹೋಯ್ತು,” ಎಂದರು ರೆಬ್.

ಮುಂದಿನ ಸಬ್ಬತ್ತಿಗೆ ಅವರು ಹೊಸ ದೃಷ್ಟಾಂತ ಹೇಳಿದರು. ಉಣ್ಣೆ ನೂಲುವ ಬಡವಿಯೊಬ್ಬಳು ಕೂಸನ್ನು ಪರರ ಮನೆಗೆ ಒಪ್ಪಿಸಿದಳು. ತಿರುಗಿ ಕೇಳುವಂತಿಲ್ಲ. ಶುಕ್ರವಾರ ಶುಕ್ರವಾರ ಮೇಣದಬತ್ತಿ ಕೊಳ್ಳುವ ನೆಪದಲ್ಲಿ ಅಲ್ಲಿಗೆ ನಡೆದು ಹೋಗಿ, ಮಗಳ ಮುಖ ನೋಡಿ ಬರುವಳು. “ದೇವರೂ ಹಾಗೇ. ನಮ್ಮ ಆತ್ಮವನ್ನು ಈ ಲೋಕದ ಮಡಿಲಿಗೆ ಹಾಕಿ, ದೂರ ನಿಂತು ನೋಡ್ತಾನೆ.”

ಕೆಳಗೆ ಗಂಡಸರು ಕಣ್ಣೊರೆಸಿಕೊಂಡರು. ಅಟ್ಟದಲ್ಲಿ ಮಾತ್ರ ಒಂದೊಂದೇ ತಲೆ ಬ್ರೈನಾಳ ಕಡೆ ತಿರುಗಿತು. ಊರಲ್ಲೇ ಬತ್ತಿ ಸಿಗುವಾಗ ಪಕ್ಕದೂರಿಗೆ ನಡೆಯುವವಳು ಇದ್ದದ್ದು ಒಬ್ಬಳೇ.

“ಅಯ್ಯೋ ಪುಣ್ಯಾತ್ಗಿತ್ತಿ, ಸತ್ತೋಯ್ತು ಅಂದಿದ್ಯಲ್ಲೇ!” ಎಂದಳು ಪಕ್ಕದವಳು.

ಬ್ರೈನಾ ಮೆಟ್ಟಿಲಿಳಿದು ಹೊರಬಾಗಿಲಲ್ಲಿ ಕಾದಳು. ರೆಬ್ ಜೊತೆ ಎಂದೂ ಬಹುವಚನ ಬಿಟ್ಟು ಮಾತಾಡಿದವಳಲ್ಲ.

“ಅನ್ಶೆಲ್, ಏನು ಮಾಡಿದೆ ನೀನು?”

“ನಿನ್ನ ಹೆಸರೆತ್ತಲಿಲ್ಲವಲ್ಲ ತಾಯಿ! ಎಷ್ಟು ಜನರ ಮನಸ್ಸು ಕರಗಿತು ನೋಡು.”

“ಹೆಸರೊಂದು ಬಿಟ್ಟು ಇನ್ನೇನು ಬಿಟ್ಟೆ? ಒಬ್ಬರನ್ನ ಮರೆಮಾಡಿ ಎಲ್ಲರ ಮುಖ ತೋರಿಸೋದು ದೃಷ್ಟಾಂತ ಅಂತ ನೀನೇ ಹೇಳ್ತಿದ್ದೆ. ನೀನು ಎಲ್ಲರಿಗೂ ನನ್ನ ಮುಖ ತೋರಿಸ್ದೆ.”

ರೆಬ್ ಟೋಪಿ ಸರಿಪಡಿಸಿಕೊಂಡು ಜನರೊಳಗೆ ಸೇರಿಕೊಂಡರು.

ಸುದ್ದಿಗೆ ಕಾಲು ಬೇಕೇ? ಎರಡೇ ದಿನಕ್ಕೆ ಫ್ರುಮಾ ಹೊಸ್ತಿಲಲ್ಲಿ ನಿಂತಿದ್ದಳು.

“ಜನ ಹೇಳ್ತಿರೋದು ಹೌದಾ?”

‘ಅದು ಬರೀ ಕಥೆಯಮ್ಮ’ ಎನ್ನಬಹುದಿತ್ತು. ಬ್ರೈನಾಳ ಬಾಯಿ ಒಪ್ಪಲಿಲ್ಲ. “ಹೌದು ಮಗಾ.”

“ವಾರವಾರ ಎದುರಿಗೇ ನಿಂತಿರ್ತಿದ್ರಿ. ನನಗೆ ಹೇಳೋಕೆ ಬಾಯಿ ಬರಲಿಲ್ಲ, ಆ ಪ್ರವಚನದವರಿಗೆ ಹೇಳೋಕೆ ಬಂತಾ?”

ಬ್ರೈನಾ ಪೀಠ ಎಳೆದು ಕೊಟ್ಟಳು. ಹುಡುಗಿ ಕೂರಲಿಲ್ಲ.

ಮದುವೆ ನಿಲ್ಲಲಿಲ್ಲ, ವಸಂತದಲ್ಲಿ ಚೆನ್ನಾಗಿಯೇ ನಡೆಯಿತು. ಬ್ರೈನಾಳಿಗೆ ಕರೆ ಬರಲಿಲ್ಲ. ಆ ದಿನವೂ ಅವಳು ಮಡಿಲಲ್ಲಿ ಹೆಬ್ಬಾತನ್ನಿಟ್ಟುಕೊಂಡು, ಕತ್ತಲಾಗುವವರೆಗೆ ಗರಿ ಕೀಳುತ್ತಲೇ ಇದ್ದಳು.