ಹೊಳೆಗೆ ಬಿದ್ದ ಬಿಲ್ಲೆ

ನಮ್ಮ ಮನೆಯವರು ನಿವೃತ್ತರಾದ ಮೇಲೆ ಒಂದು ಮೆಟಲ್ ಡಿಟೆಕ್ಟರ್ ತರಿಸಿಕೊಂಡರು. ಪರದೇಶದ ಮಂದಿ ಕಡಲ ದಂಡೆಯಲ್ಲಿ ಅದನ್ನು ಆಡಿಸುತ್ತ ಹಳೆಯ ನಾಣ್ಯ, ಉಂಗುರ ತೆಗೆಯುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವರ ತಲೆ ಕೆಟ್ಟಿತ್ತು. ರಾಯಚೂರಿಗೆ ಎಲ್ಲಿಯ ಕಡಲು ಎಂದು ಕೇಳಿದರೆ, "ಕೃಷ್ಣಾ ಅದ, ತುಂಗಭದ್ರಾ ಅದ, ಉಸುಕಿಗೇನು ಬರ?" ಎಂದರು. ಅಲ್ಲಿಂದ ಪ್ರತಿ ಭಾನುವಾರ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ತುಕ್ಕು ಹಿಡಿದ ಸಾಮಾನಿನ ಸಂತೆ. ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಾಗಾಗಿ ಯಾವ ಚೂರು ಸಿಕ್ಕರೂ ಅದರ ಜಾತಕ ಹೇಳುವ ಕೆಲಸ ನನಗೆ ಗಂಟುಬಿತ್ತು.

ನಮ್ಮಿಬ್ಬರ ಪಾಂಡಿತ್ಯ ಎಷ್ಟೆಂದರೆ, ಒಮ್ಮೆ ಅರ್ಧಚಂದ್ರದಂಥ ಚಪ್ಪಟೆ ಕಬ್ಬಿಣ ಸಿಕ್ಕಿತು, ಅಂಚಿಗೆ ತೂತುಗಳು. ಯಾವುದೋ ಸೈನಿಕನ ಕವಚದ ತುಣುಕು ಎಂದು ಅವರು, ಬೀಗದ ಭಾಗ ಎಂದು ನಾನು. ಮಾತು ಬೆಳೆದು ಊಟಕ್ಕೆ ಕೂತರೂ ನಿಲ್ಲಲಿಲ್ಲ. ಕೊನೆಗೆ ಗಿಲ್ಲೆಸುಗೂರಿನಲ್ಲಿ ಬಸ್ಸಿಗೆ ಕಾಯುವಾಗ, ಎದುರಿಗೆ ಮಲಗಿದ್ದ ಎತ್ತಿನ ಗೊರಸು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅದು ಎತ್ತಿನ ಲಾಳ. ಈ ಸೀಮೆಯಲ್ಲೇ ಹುಟ್ಟಿ ಬೆಳೆದು ಲಾಳ ಗುರುತಿಸಲಾರದವರು ನಾವಿಬ್ಬರೇ ಇರಬೇಕು.

ದೊಡ್ಡವ್ವ, ಎಂದರೆ ನನ್ನ ತಾಯಿಯ ಅಕ್ಕ, ದೇವದುರ್ಗದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಎಂಬತ್ತು ದಾಟಿದೆ. ನಮ್ಮವರು ಒಮ್ಮೆ ಅಲ್ಲಿಗೂ ಆ ಯಂತ್ರ ಹೊತ್ತುಕೊಂಡು ಬಂದರು. ಎಲ್ಲರೂ ನಕ್ಕರು, ದೊಡ್ಡವ್ವ ನಗಲಿಲ್ಲ.

"ಯಪ್ಪಾ, ಇದು ಹೊಳಿ ಉಸುಕಿನಾಗ ಬಿದ್ದದ್ದು ಹುಡುಕತದೇನು?" ಎಂದು ಕೇಳಿದಳು. "ಹಂಗಾದ್ರ ನನ್ನ ಬಿಲ್ಲಿ ಹುಡುಕಿ ಕೊಡು."

ಆ ಬಿಲ್ಲೆಯ ಕಥೆ ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತು. ದೊಡ್ಡವ್ವ ಇನ್ನೂ ಸಣ್ಣ ಕೂಸಾಗಿದ್ದಾಗ, ಅವ್ವನ ಜೊತೆ ಬಟ್ಟೆ ಒಗೆಯಲು ಹೊಳೆಗೆ ಹೋಗಿ ಮನೆಯ ಬಿಲ್ಲೆಯನ್ನು ಬೀಳಿಸಿಕೊಂಡಳಂತೆ. ಅವಳಿಗೆ ಬಿಲ್ಲೆಯ ನೆನಪಿಲ್ಲ, ತಿಂದ ಏಟಿನ ನೆನಪಿದೆ. "ಬಿಲ್ಲಿ ಹೊಳಿಗಿ ಒಗದಾಕಿ" ಎಂಬ ಹೆಸರು ದೊಡ್ಡವಳಾಗುವ ತನಕ ಬೆನ್ನು ಬಿಡಲಿಲ್ಲ. ಬಿಲ್ಲೆ ಎಂದರೆ ಇನ್ನೇನು, ಹೆಣ್ಣುಮಕ್ಕಳು ಜಡೆಗೆ ಹಾಕಿಕೊಳ್ಳುವ ಬಂಗಾರದ ಬಿಲ್ಲೆ. ನಾವೆಲ್ಲ ಹಾಗೇ ತಿಳಿದಿದ್ದೆವು, ಅವಳೂ ಹಾಗೇ ತಿಳಿದಿದ್ದಳು. ಮದುವೆಯಲ್ಲಿ ತನಗೆ ಗುಂಜಿ ಬಂಗಾರ ಹಾಕದಿದ್ದಾಗಲೂ, ನನ್ನ ಪಾಲಿಂದು ನಾನೇ ಕಳೆದೆ ಎಂದು ಸುಮ್ಮನಾದಳಂತೆ. ಎಂದೋ ಸತ್ತುಹೋದ ಅವ್ವನ ಒಡವೆ ಕಳೆದ ಸಂಕಟ ಈ ವಯಸ್ಸಿನಲ್ಲೂ ಅವಳನ್ನು ಬಿಟ್ಟಿರಲಿಲ್ಲ.

ಬೇಸಿಗೆಯಲ್ಲಿ ಹೊಳೆ ಇಳಿದ ಮೇಲೆ ಅವಳ ಮಗ ನಮ್ಮನ್ನು ಬಟ್ಟೆ ಒಗೆಯುವ ಬಂಡೆಯ ಹತ್ತಿರ ಕರೆದುಕೊಂಡು ಹೋದ. ಯಂತ್ರ ಕುಂಯ್ ಎಂದಲ್ಲೆಲ್ಲ ಅಗೆದೆವು. ಸೋಡಾ ಬಾಟಲಿಯ ಮುಚ್ಚಳ, ಮೀನಿನ ಗಾಳ, ಮೊಳೆ. ಬಿಸಿಲು ನೆತ್ತಿ ಸುಡುವಾಗ ಅಂಗೈ ಅಗಲದ, ಮೊಟ್ಟೆಯಾಕಾರದ ಒಂದು ತಗಡು ಬಂತು. ಹಿಂದೆ ಎರಡು ಕೊಂಡಿ. ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಿದೆ, ಹಿತ್ತಾಳೆ ಹೊಳೆಯಿತು, ಸವೆದ ಉರ್ದು ಅಕ್ಷರ ಕಂಡವು. ನವಾಬನ ಪದಕ ಎಂದು ಇವರು ಕುಣಿದರು. ಪೆಟ್ಟಿಗೆಗೆ ಬಡಿದ ತಗಡು ಎಂದು ನಾನು ಮೂಗು ಮುರಿದೆ. ದೊಡ್ಡವ್ವನ ಬಿಲ್ಲೆ ಇಬ್ಬರ ತಲೆಗೂ ಹೊಳೆಯಲಿಲ್ಲ. ನಾವು ಹುಡುಕುತ್ತಿದ್ದದ್ದು ಬಂಗಾರವಲ್ಲವೇ?

ಅದನ್ನು ಶಾಲೆಗೆ ಒಯ್ದು ನಮ್ಮ ಉರ್ದು ಟೀಚರಿಗೆ ತೋರಿಸಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ದೇವದುರ್ಗ ಅಂತ ಇದ್ದಂಗ ಅದ ಟೀಚರ್. ಖಾತ್ರಿ ಇಲ್ಲ. ಕೆಳಗ ನಂಬರ್, ಅದೂ ಸವದದ. ನಮ್ಮ ದಾದಾ, ಅಂದ್ರ ಅಜ್ಜನ ಹತ್ರ ಇಂಥಾದ ಇತ್ತು, ಎದಿ ಮ್ಯಾಲಿನ ಪಟ್ಟಿಗೆ ಹಾಕ್ಕೋತಿದ್ರಂತ. ಚಪ್ರಾಸಿ ಬಿಲ್ಲಾ, ಜವಾನರದು."

"ಏನಂದ್ರಿ? ಬಿಲ್ಲಿ?"

"ಬಿಲ್ಲಾ ರೀ. ಬಿಲ್ಲಿ ಅಂದ್ರ ನಮ್ಮ ಮನಿಯಾಗ ಬೆಕ್ಕು," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನಮ್ಮ ಅಜ್ಜ, ದೊಡ್ಡವ್ವನ ಅಪ್ಪ, ನಿಜಾಮನ ಕಾಲದಲ್ಲಿ ದೇವದುರ್ಗದ ಕಚೇರಿಯಲ್ಲಿ ಜವಾನನಾಗಿದ್ದ. ಆಮೇಲೆ ನೌಕರಿ ಹೋಗಿ ಕೂಲಿಗೆ ಬಿದ್ದ. ಯಾಕೆ ಹೋಯಿತೆಂದು ಯಾರೂ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ನಾನೂ ಅದನ್ನು ಯೋಚಿಸಲಿಲ್ಲ. ಕಳೆದದ್ದು ಬಂಗಾರವಲ್ಲ, ಹಿತ್ತಾಳೆ ಎಂಬ ಖುಷಿ ಅಷ್ಟೇ ತಲೆ ತುಂಬ ಇತ್ತು. ಒಬ್ಬ ಮುದುಕಿಯ ಎದೆಯ ಭಾರ ಇಳಿಸುತ್ತೇನೆಂದು ದೇವದುರ್ಗದ ಬಸ್ಸು ಹತ್ತಿದೆ. ಇವರೂ ಬಂದರು.

"ದೊಡ್ಡವ್ವಾ, ನೀ ಬಂಗಾರ ಕಳದಿಲ್ಲ. ನೋಡಿಲ್ಲಿ, ಹಿತ್ತಾಳಿದು. ಅಜ್ಜನ ನೌಕರಿ ಬಿಲ್ಲಿ," ಎಂದು ಅವಳ ಕೈಯಲ್ಲಿಟ್ಟೆ.

ಅವಳು ಅದರ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಳು. ಆಮೇಲೆ ಕೇಳಿದಳು, "ಇದು ಇಲ್ಲಂದ್ರ ಜವಾನಗ ಕಚೇರಿ ಒಳಗ ಬಿಡತಿದ್ರೇನು?"

"ಗೊತ್ತಿಲ್ಲ ದೊಡ್ಡವ್ವಾ."

"ಅಪ್ಪನ ನೌಕರಿ ಹೋತಲ್ಲ. ಅದು ನಾ ಬಿಲ್ಲಿ ಕಳಿಯಾಕಿಂತ ಮೊದಲೋ, ಆಮ್ಯಾಗೋ?"

ಇದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ. ನನ್ನ ತಾಯಿ ಹುಟ್ಟಿದ್ದೇ ಆಮೇಲೆ. ಇವರು ನನ್ನ ಸಹಾಯಕ್ಕೆ ಬಂದು, ಆಗ ಎಷ್ಟೋ ಮಂದಿ ಜವಾನರಿದ್ದರು, ಇದು ಬೇರೆ ಯಾರದ್ದೋ ಇದ್ದೀತು, ಯಂತ್ರ ಲೋಹ ಎಂದಷ್ಟೇ ಹೇಳುತ್ತದೆ, ಯಾರದ್ದೆಂದು ಹೇಳುವುದಿಲ್ಲ ಎಂದರು. ಅದೂ ನಿಜವೇ.

"ಬಂಗಾರ ಆಗಿದ್ರ ಚಲೋ ಇತ್ತು," ಎಂದಳು ದೊಡ್ಡವ್ವ. "ಬಂಗಾರ ನನ್ನ ಒಬ್ಬಾಕಿ ಪಾಲಿಂದು. ಇದು ಎಲ್ಲಾರ ಅನ್ನ."

ಹೊರಗೆ ಸೊಸೆ ಚಹಾಕ್ಕೆ ಕರೆಯುತ್ತಿದ್ದಳು, ಯಾರೂ ಏಳಲಿಲ್ಲ.

"ನೀ ಸಾಲಿ ಕಲಿಸಾಕಿ," ಎಂದು ದೊಡ್ಡವ್ವ ಆ ಹಿತ್ತಾಳೆಯನ್ನು ನನ್ನ ಕಣ್ಣ ಮುಂದೆ ಹಿಡಿದಳು. "ಹೇಳು ಯವ್ವಾ, ಇದು ನಮ್ಮಪ್ಪಂದ ಹೌದೋ, ಅಲ್ಲೋ?"

ಹೌದು ಎಂದರೆ ಅಪ್ಪನ ನೌಕರಿ ಕಳೆದ ಪಾಪ. ಅಲ್ಲ ಎಂದರೆ ಅವ್ವನ ಬಂಗಾರ ಮತ್ತೆ ಅವಳ ತಲೆಗೆ. ಎರಡರಲ್ಲಿ ಯಾವುದು ಅವಳಿಗೆ ಹಗುರವೆಂದು ತಿಳಿದಿದ್ದರೆ, ಕಲಿತದ್ದು ಕಲಿಸಿದ್ದು ಎಲ್ಲ ಬದಿಗಿಟ್ಟು ಅದನ್ನೇ ಹೇಳಿಬಿಡುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.