ಇಂಜೆಕ್ಷನ್ ಆದ ಮೇಲಿನ ಸ್ನಾನ

ಕಳೆದ ಮಂಗಳವಾರ ಬೆಳಗ್ಗೆ ನನ್ನ ತಾಯಿ ನನ್ನನ್ನೇ ದಿಟ್ಟಿಸಿ, "ಯಾರಪ್ಪಾ ನೀನು?" ಎಂದು ಕೇಳಿದರು.

ನಲವತ್ತೆರಡು ವರ್ಷ ಬೈದು ಸಾಕಿದ ಮಗನನ್ನು! ಒದ್ದೆ ಸೀರೆಯಲ್ಲೇ ದೇವರ ಮುಂದೆ ಕುಸಿದಿದ್ದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಓಡಿದ್ದು ಡಾಕ್ಟರ ಹತ್ತಿರವಲ್ಲ. ಅವರಿರುವುದು ಬಸವನಗುಡಿಯಲ್ಲಿ. (ಈಗಷ್ಟೇ ಏಳುತ್ತಿರುವ ನಮ್ಮ ಜಯನಗರಕ್ಕೆ ಸೈಟುಗಳು ಬಂದಿವೆ, ಡಾಕ್ಟರು ಇನ್ನೂ ಬರಬೇಕು.) ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಗ್ಗೆ ಇನ್ಸುಲಿನ್ ಕೊಡಲು ಸಿದ್ದಾಪುರದಿಂದ ಸಿಸ್ಟರ್ ಗ್ರೇಸಮ್ಮ ಬರುತ್ತಾರೆ. ನಮ್ಮಲ್ಲಿ ಮುಗಿಸಿ ಪಕ್ಕದ ರಸ್ತೆಯ ಇನ್ನೊಂದು ಮನೆಗೆ ಹೋಗುತ್ತಾರೆ. ಪುಣ್ಯಕ್ಕೆ ಅಲ್ಲೇ ಸಿಕ್ಕರು.

ಬಂದವರೇ ಅಮ್ಮನ ಹಣೆ ಮುಟ್ಟಿ ನೋಡಿದರು. "ಸಾರ್, ಸಕ್ಕರೆ ನೀರು ತನ್ನಿ. ಬೇಗ!"

"ಸಕ್ಕರೆ ಕಾಯಿಲೆಯವರಿಗೆ ಸಕ್ಕರೆನಾ ಸಿಸ್ಟರ್?"

"ವಾದ ಆಮೇಲೆ ಮಾಡೋಣ ಸಾರ್!"

ಅಮ್ಮನನ್ನು ತಮ್ಮ ಎದೆಗೆ ಒರಗಿಸಿ ಕೂರಿಸಿಕೊಂಡು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಅಮ್ಮ ನನ್ನತ್ತ ನೋಡಿ, "ಏನೋ, ಇನ್ನೂ ಶೇವ್ ಮಾಡ್ಕೊಂಡಿಲ್ವಾ?" ಎಂದರು. ಹೋದ ಜೀವ ಬಂದಂತಾಯಿತು. ಅಡುಗೆಮನೆಗೆ ಹೋಗಿ, ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಆಮೇಲೆ ಶುರುವಾಯಿತು ವಿಚಾರಣೆ. "ಇಂಜೆಕ್ಷನ್ ಆಗಿ ಅರ್ಧ ಗಂಟೇಲಿ ತಿಂಡಿ ಆಗ್ಬೇಕು, ಇಲ್ಲಾಂದ್ರೆ ಸಕ್ಕರೆ ತೀರಾ ಇಳಿದ್ಬಿಡತ್ತೆ ಅಂದಿದ್ನಲ್ಲ ಸಾರ್? ಏನ್ ಕೊಟ್ರಿ?"

ಏನೂ ಕೊಟ್ಟಿರಲಿಲ್ಲ. ಸಿಸ್ಟರ್ ಗೇಟು ದಾಟಿದ ಮೇಲೆಯೇ ಅಮ್ಮನ ಸ್ನಾನ. ಯಾರು ಮುಟ್ಟಿದರೂ ಆ ಮೈಯಲ್ಲಿ ಪೂಜೆ ಆಗದು (ನಾನು ಮುಟ್ಟಿದರೂ ಅಷ್ಟೇ), ಪೂಜೆಯಾಗದೆ ತುತ್ತು ಇಳಿಯದು. ಬೇರೆ ದಿನ ಹೇಗೋ ನಡೆಯುತ್ತಿತ್ತು. ಮಂಗಳವಾರ ಪೂಜೆ ಉದ್ದ.

ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಸ್ಟರಿಗೆ ಹೇಳಿರಲಿಲ್ಲ. ಮುಟ್ಟಿದ್ದಕ್ಕೆ ಸ್ನಾನವೆಂದರೆ ಅವರು ಬೇಜಾರು ಮಾಡಿಕೊಂಡಾರಲ್ಲ! ಡಿಗ್ರಿ ಇರುವವನ ಬುದ್ಧಿ ನೋಡಿ. ಒಂದು ಮುಜುಗರ ತಪ್ಪಿಸಿಕೊಳ್ಳಲು ಹೆತ್ತ ತಾಯಿಯನ್ನೇ ಕಳೆದುಕೊಳ್ಳುತ್ತಿದ್ದೆ.

ಕೊನೆಗೆ ತಲೆ ತಗ್ಗಿಸಿ ಹೇಳಿದೆ. ಸಿಸ್ಟರ್ ಚಮಚ ಕೆಳಗಿಟ್ಟರು.

"ಅಷ್ಟೇನಾ? ಮೊದ್ಲೇ ಹೇಳೋಕೆ ಏನಾಗಿತ್ತು ಸಾರ್? ಅಮ್ಮಾ, ನೀವೇ ಚುಚ್ಕೊಳ್ಳೋದು ಕಲೀರಿ. ಸ್ನಾನ, ಪೂಜೆ ಮುಗಿಸಿ, ತಟ್ಟೆ ಹಾಕಿಸ್ಕೊಂಡು, ಆಮೇಲೆ ಸೂಜಿ. ನಾನು ದೂರ ಕೂತು ಹೇಳ್ಕೊಡ್ತೀನಿ."

ಮಾರನೆಯ ದಿನದಿಂದಲೇ ಪಾಠ. ಚುಚ್ಚುವ ಅಭ್ಯಾಸಕ್ಕೆ ಎರಡು ಮೂಸಂಬಿ ಸೂಜಿಗೆ ಬಲಿಯಾದವು. ಅಮ್ಮ ಈಗ ಗಾಜಿನ ಸಿರಿಂಜನ್ನು ತಾವೇ ಕುದಿಸುತ್ತಾರೆ. ಕನ್ನಡಕ ಏರಿಸಿ ಅಳತೆಯ ಗೆರೆ ನೋಡುತ್ತಾರೆ. ಸಹಾಯಕ್ಕೆ ಹೋದರೆ, "ಮಡೀಲಿದೀನಿ, ದೂರ ನಿಂತ್ಕೋ" ಎಂದು ನನಗೇ ಗದರುತ್ತಾರೆ. ಗದರಲಿ. ಬೈಗುಳ ಇಷ್ಟು ಹಿತವಾಗಿ ಕೇಳಿಸಿದ್ದು ಇದೇ ಮೊದಲು.

ನಿನ್ನೆ ಸಿಸ್ಟರ್ ಮೂಲೆಯ ಸ್ಟೂಲಿನಲ್ಲಿ ಕೈಕಟ್ಟಿ ಕೂತು ನೋಡಿದರು. ಅಮ್ಮ ಪೂಜೆ ಮುಗಿಸಿ, ಒಂದು ತಪ್ಪೂ ಇಲ್ಲದೆ ಇಂಜೆಕ್ಷನ್ ತೆಗೆದುಕೊಂಡರು. ಸಿಸ್ಟರ್ ಹೊರಡಲು ಎದ್ದರು.

"ಅದ್ಯಾಕಮ್ಮ ಹಾಗೇ ಹೊರಟೆ? ನಾಡಿ ನೋಡಲ್ವಾ?" ಎಂದು ಅಮ್ಮ ಕೈ ಚಾಚಿದರು.

ಸಿಸ್ಟರ್ ನನ್ನ ಮುಖ ನೋಡಿದರು, ಆಮೇಲೆ ಆ ಕೈ ಹಿಡಿದುಕೊಂಡರು. ನಾಡಿ ನೋಡಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಿಡಿದಿದ್ದರು. ಅಮ್ಮ ಬಚ್ಚಲಿನ ಕಡೆ ತಿರುಗಿಯೂ ನೋಡದೆ ಬಂದು ತಟ್ಟೆಯ ಮುಂದೆ ಕೂತರು.

ಮಡಿ ಎಲ್ಲಿ ಹೋಯಿತಮ್ಮ ಎಂದು ಕೇಳುವಷ್ಟು ದಡ್ಡ ನಾನಲ್ಲ.