ಹಿಂದಿನ ಚಕ್ರದ ಗುಂಯ್

ಆಪರೇಟರಮ್ಮನನ್ನು ನಾನು ಮೊದಲು ನೋಡಿದ್ದು ಪಾದಗಳ ಕಡೆಯಿಂದ. ಮಹಡಿಯ ಕೋಣೆ ಬಾಡಿಗೆಗಿದೆ ಎಂದು ಗೇಟಿಗೆ ರಟ್ಟು ಕಟ್ಟಿದ್ದರು. ಭಾನುವಾರ ಮಧ್ಯಾಹ್ನ ಮೂರು ಗಂಟೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಗೇಟು ತಳ್ಳಿದರೆ ಸಿಮೆಂಟಿನ ಅಂಗಳದ ತುಂಬ ಬೂದು ಬಣ್ಣದ ದೊಡ್ಡ ಎಸ್‌ಯುವಿ ನಿಂತಿತ್ತು. ಮುಂದಿನ ಚಕ್ರಗಳಿಗೆ ಇಟ್ಟಿಗೆಯ ಒತ್ತು ಕೊಟ್ಟಿತ್ತು; ಹಿಂಭಾಗ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನೆಲ ಬಿಟ್ಟು ಎದ್ದಿತ್ತು. ಅದರ ಅಡಿಯಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು. ಬಿಳಿ ಕಾಲುಚೀಲ, ಒಂದರ ಹೆಬ್ಬೆರಳಿನ ಹತ್ತಿರ ತೂತು. ಪಾದಗಳು ಅಲುಗುತ್ತಿರಲಿಲ್ಲ.

ಗೇಟಿನ ಹತ್ತಿರವೇ ನಿಂತು, "ಅಮ್ಮಾ..." ಎಂದೆ.

"ಶ್! ಗೇಟ್ ಹಾಕು. ಮಾತಾಡಬೇಡ. ಆ ಚಕ್ರ ತಿರುಗಿಸು, ನಿಧಾನಕ್ಕೆ."

ಯಾವ ಚಕ್ರ ಎಂದು ಕೇಳುವ ಧೈರ್ಯ ಬರಲಿಲ್ಲ. ಹತ್ತಿರದ್ದನ್ನು ತಿರುಗಿಸುತ್ತ ಬಗ್ಗಿ ನೋಡಿದೆ. ನರೆತ ಕೂದಲಿಗೆ ಕರವಸ್ತ್ರ ಕಟ್ಟಿಕೊಂಡ ಹೆಂಗಸೊಬ್ಬರು ಗೋಣಿಚೀಲದ ಮೇಲೆ ಮಲಗಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಚಕ್ರದ ಹಿಂದಿನ ಕಬ್ಬಿಣಕ್ಕೆ ತಾಗಿತ್ತು, ಹಿಡಿ ಅವರ ಬಲಗಿವಿಯೊಳಗೆ ಒತ್ತಿತ್ತು. ಕಣ್ಣು ಮುಚ್ಚಿದ್ದರು. ಬಾಗಿಲಾಚೆ ಯಾರೋ ತಮ್ಮ ವಿಷಯವನ್ನೇ ಮಾತಾಡುವಾಗ ಕದ್ದು ಕೇಳುವವರ ಮುಖ ಹಾಗಿರುತ್ತದೆ.

"ಕೇಳಿಸ್ತಾ?"

"ಏನಮ್ಮ?"

"ಗುಂಯ್ ಅಂತ."

"ಇಲ್ಲ."

"ಆ ಕಡೆದು ತಿರುಗಿಸು. ಈಗ?"

"ಈಗಲೂ ಇಲ್ಲಮ್ಮ."

"ನನಗೆ ಎರಡರಲ್ಲೂ ಕೇಳಿಸ್ತಿದೆ," ಎಂದರು. "ಚಕ್ರ ನಿಲ್ಲಿಸು."

ನಿಲ್ಲಿಸಿದೆ. ಅವರು ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆಯಲಿಲ್ಲ. ನಿಂತ ಚಕ್ರಕ್ಕೂ ತುಂಬ ಹೊತ್ತು ಕಿವಿಗೊಟ್ಟೇ ಇದ್ದರು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. "ಏನು ಮಾಡ್ಕೊಂಡಿದೀಯ?" ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು, ಯಾರು ಏನು ಕೇಳಿದರೂ ಉತ್ತರ ಅಲ್ಲಿಂದಲೇ ಶುರುವಾಗುತ್ತಿತ್ತು. "ಡಿಗ್ರಿ ಆಗಿದೆ," ಎಂದೆ. "ಚಕ್ರ ಚೆನ್ನಾಗಿ ತಿರುಗಿಸ್ತೀಯ ಡಿಗ್ರಿ. ಮೇಲೆ ಹೋಗು, ಕೋಣೆ ನೋಡು." ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು ಡಿಗ್ರಿ.

ಅವರಿಗೆ ಆಗ ಅರವತ್ತೇಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ಆಪರೇಟರ್ ಆಗಿದ್ದವರು. ಎಡಗಿವಿ ಪೂರ್ತಿ ಹೋಗಿತ್ತು. ತೀರಿಕೊಂಡ ಯಜಮಾನರು ಬಿಟ್ಟುಹೋದದ್ದು ಎರಡು: ಈ ಗಾಡಿ, ಮತ್ತು ಒಂದು ಕಬ್ಬಿಣದ ಪೆಟ್ಟಿಗೆ ತುಂಬ ಸ್ಪ್ಯಾನರುಗಳು. ನಿವೃತ್ತಿಯ ಮೇಲೆ ಬೀದಿಯ ಆರು ಮಕ್ಕಳನ್ನು ಶಾಲೆಗೆ ಬಿಟ್ಟು ತರುವ ಕೆಲಸ ಹಿಡಿದಿದ್ದರು. "ಮನೆಯಲ್ಲಿ ಕೂತರೆ ನಿಶ್ಶಬ್ದ ಜಾಸ್ತಿ," ಎನ್ನುತ್ತಿದ್ದರು.

ಮಗ ಕನ್ನಡಕದ ಅಂಗಡಿಯಲ್ಲಿದ್ದ. ನಾನು ಕೋಣೆಗೆ ಬಂದ ವಾರವೇ ತಾಯಿ ಮಗನ ವಾಗ್ವಾದ ಮೆಟ್ಟಿಲ ತನಕ ಕೇಳಿಸಿತು.

"ಅಮ್ಮ, ಗ್ಯಾರೇಜಿನವರು ಇಬ್ಬರು ಓಡಿಸಿ ನೋಡಿದ್ರು. ನಾನೂ ನೋಡಿದೆ. ಮೂರು ಜನಕ್ಕೆ ಕೇಳಿಸದೇ ಇರೋದು ನಿನಗೊಬ್ಬಳಿಗೆ ಕೇಳಿಸಿದ್ರೆ ಏನರ್ಥ?"

"ಮೂರು ಜನ ಕಿವುಡರು ಅಂತ ಅರ್ಥ."

"ತಮಾಷೆ ಬೇಡ. ಇಲ್ಲದ ಸದ್ದು ಕೇಳಿಸಿಕೊಳ್ಳೋರ ಕೈಗೆ ಯಾರು ಮಕ್ಕಳನ್ನ ಕೊಡ್ತಾರೆ? ನಾಳೆ ಯಾರೋ ನಿಜವಾಗಿ ಹಾರ್ನ್ ಹೊಡೀತಾರೆ, ಅದೂ ತಲೆ ಒಳಗಿನದೇ ಅಂದ್ಕೊಂಡ್ರೆ?"

"ಒಂದು ಬೇರಿಂಗ್ ಬದಲಾಯಿಸ್ತೀನಿ. ಆಮೇಲೂ ಸದ್ದು ಇದ್ರೆ ಕೀ ನಿನಗೆ," ಎಂದರು.

ಬೇರಿಂಗ್ ಎಂದರೆ ಚಕ್ರವನ್ನು ಹೊತ್ತು ತಿರುಗಿಸುವ ಉಕ್ಕಿನ ಗುಂಡುಗಳ ಕಟ್ಟು. ಅದು ಸವೆದರೆ ಮೊದಲು ಗುಂಯ್‌ಗುಡುತ್ತದೆ. ಕಿವಿಗೆ ಹಾಕಿಕೊಳ್ಳದಿದ್ದರೆ ಒಂದು ದಿನ ಓಡುವಾಗಲೇ ಚಕ್ರ ಬಿಗಿದುಕೊಳ್ಳಬಹುದು, ಕಳಚಿಯೂ ಹೋಗಬಹುದು. ಆ ಗಾಡಿ ದಿನಾ ಆರು ಮಕ್ಕಳನ್ನು ಹೊತ್ತು ಜಲಾಶಯದ ಗೋಡೆಯ ಪಕ್ಕದ ಇಳಿಜಾರಿನಲ್ಲಿ ಇಳಿಯುತ್ತಿತ್ತು.

ಬಿಡಿಭಾಗದ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಂಗಡಿಯವನು, "ಎರಡೂ ಕಡೆ ಹಾಕಿಬಿಡಿ ಅಮ್ಮ. ಇಲ್ಲಾಂದ್ರೆ ಗಾಡಿ ಎತ್ತಿ, ಒಂದು ಕೈಯಲ್ಲಿ ಚಕ್ರದ ಹಿಂದಿನ ಸ್ಪ್ರಿಂಗ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೆರಳಿಗೆ ಗೊತ್ತಾಗತ್ತೆ. ಕಿವಿ ಸುಳ್ಳು ಹೇಳತ್ತೆ," ಎಂದ.

ಮೂವತ್ತೈದು ವರ್ಷ ಕಿವಿಯಿಂದ ಅನ್ನ ತಿಂದವರಿಗೆ ಆ ಮಾತು ಚುಚ್ಚಿತು. "ಕೆಟ್ಟಿರೋದು ಬಲಗಡೆದು. ಅದೊಂದೇ ಕೊಡು," ಎಂದರು.

ಮುಂದಿನ ಭಾನುವಾರ ಕೆಲಸಕ್ಕಿಳಿದೆವು. ಗಾಡಿ ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸಡಿಲ ಮಾಡಿಸಿದರು. ಎತ್ತಿದ ಮೇಲೆ ಚಕ್ರ ತೆಗೆದು, ಬ್ರೇಕಿನ ಭಾಗವನ್ನು ಬಿಚ್ಚಿ, ಅದರ ರಬ್ಬರ್ ಕೊಳವೆಗೆ ಭಾರ ಬೀಳದಂತೆ ತಂತಿಯಲ್ಲಿ ಸ್ಪ್ರಿಂಗಿಗೆ ತೂಗುಹಾಕಿದರು. ಬೇರಿಂಗನ್ನು ಹಿಂದಿನಿಂದ ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಒಂದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟು ಒಂದು ಗಂಟೆ ಕಾಯಬೇಕಾಯಿತು. ಗೋಡೆಗೆ ಒರಗಿ ಕೂತು, ನಾನು ಕೇಳದೆಯೇ ಅವರು ಹೇಳಿದರು.

"ಎಕ್ಸ್‌ಚೇಂಜಿನ ಬೋರ್ಡಿನ ಮೇಲೆ ಮನೆಗೊಂದು ದೀಪ. ಅವರು ಫೋನ್ ಎತ್ತಿದ್ರೆ ದೀಪ ಹತ್ತತ್ತೆ, ನಾವು ಪಿನ್ನು ಚುಚ್ಚಿ 'ಯಾವ ನಂಬರ್' ಅನ್ನಬೇಕು. ಒಂದು ಬೆಳಗ್ಗೆ ಒಂದು ದೀಪ ಹತ್ತಿತು. ಚುಚ್ಚಿದೆ. ಮಾತಿಲ್ಲ. ಗುಂಯ್ ಅಂತ ಬರೀ ಸದ್ದು. ಮೇಲ್ವಿಚಾರಕಿ 'ಲೈನ್ ಕೆಟ್ಟಿದೆ, ಪಿನ್ ತೆಗಿ' ಅಂದ್ರು. ತೆಗೆದೆ. ದೀಪ ಹತ್ತಿಕೊಂಡೇ ಇತ್ತು. ಮಾರನೇ ದಿನವೂ ಇತ್ತು. ಮೂರನೇ ದಿನ ಲೈನ್‌ಮನ್ ಆ ಮನೆಗೆ ಹೋದ. ಒಬ್ಬರೇ ಇದ್ದ ಗಂಡಸು. ಲಕ್ವ ಹೊಡೆದು ನೆಲಕ್ಕೆ ಬಿದ್ದಿದ್ರು, ಫೋನ್ ಬಾಯಿ ಹತ್ರ ಇತ್ತು. ನಾಲಿಗೆ ಬಿದ್ದುಹೋಗಿತ್ತು."

ನಾನು ಎಣ್ಣೆಡಬ್ಬಿಯ ಮುಚ್ಚಳ ಬಿಗಿದೆ.

"ಅದು ಲೈನಿನ ಸದ್ದಾಗಿರಲಿಲ್ಲ, ಡಿಗ್ರಿ."

"ಬದುಕಿದ್ರಾ?"

"ಮೊದಲನೇ ದಿನ ಬದುಕಿದ್ರಂತೆ." ಎಡಗಿವಿಯನ್ನು ಮುಟ್ಟಿಕೊಂಡರು. "ಆಮೇಲೆ ಮೂರು ತಿಂಗಳಿಗೆ ಇದು ಹೋಯ್ತು. ನರ ಸತ್ತಿದೆ, ಸತ್ತ ಕಿವಿ ಸುಮ್ನಿರಲ್ಲ, ತಾನೇ ಒಂದು ಸದ್ದು ಮಾಡ್ಕೊಳ್ಳತ್ತೆ ಅಂದ್ರು ಡಾಕ್ಟ್ರು."

"ಎಂಥ ಸದ್ದು?"

ಅವರು ಸ್ಪ್ಯಾನರ್ ಎತ್ತಿಕೊಂಡರು. "ಎಣ್ಣೆ ಇಳಿದಿರತ್ತೆ. ಬಾ."

ಬೋಲ್ಟು ಬಿಚ್ಚಿತು. ಸುತ್ತಿಗೆಯಿಂದ ಹತ್ತು ಪೆಟ್ಟು ಕೊಟ್ಟ ಮೇಲೆ ಹಳೆಯ ಬೇರಿಂಗ್ ಕೈಗೆ ಬಂತು. ಆಪರೇಟರಮ್ಮ ಅದನ್ನು ಎತ್ತಿ ತಿರುಗಿಸಿದರು. ಬೆಣ್ಣೆಯಂತೆ ತಿರುಗಿತು. ಮತ್ತೆ ತಿರುಗಿಸಿದರು. ಒಂದು ಚೂರು ಗರಗರ ಇಲ್ಲ, ಅಲುಗಾಟ ಇಲ್ಲ. ಹೊಸದಕ್ಕೂ ಅದಕ್ಕೂ ಬಣ್ಣವೊಂದೇ ವ್ಯತ್ಯಾಸ.

ಬಾಗಿಲಲ್ಲಿ ನಿಂತಿದ್ದ ಮಗ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಅದೂ ಎತ್ತಿಗೆ ಜ್ವರ ಬಂದಿದ್ರೆ," ಎಂದ. ಹೇಳಿದ ಮೇಲೆ ಅವನ ಮುಖವೇ ಸಣ್ಣದಾಯಿತು.

ಹೊಸದನ್ನು ಹಾಕಿ, ಬೋಲ್ಟು ಬಿಗಿದು, ಸಂಜೆ ಒಂದು ಸುತ್ತು ಹೋಗಿ ಬಂದರು. ಇಳಿದವರು ಕೀಯನ್ನು ಮಗನ ಅಂಗೈಯಲ್ಲಿಟ್ಟು ಒಳಗೆ ಹೋದರು. ಗುಂಯ್ ಹೋಗಿರಲಿಲ್ಲ.

ಆ ವಾರ ಅವರು ಹೊರಗೆ ಬರಲಿಲ್ಲ. ನಾನು ಕೆಲಸಕ್ಕೆ ಹೋಗುವಾಗ ಕಿಟಕಿಯ ಹತ್ತಿರ ಕೂತಿರುತ್ತಿದ್ದರು, ಬಂದಾಗಲೂ ಅಲ್ಲೇ. ಒಮ್ಮೆ ಕರೆದು, "ಫ್ರಿಜ್ಜು ಆರಿಸಿದೆ. ಫ್ಯಾನ್ ಆರಿಸಿದೆ. ಆದ್ರೂ ಇದೆ," ಎಂದರು. "ಅವನು ಹೇಳಿದ್ದೇ ಸರಿ ಇರಬೇಕು. ಇಷ್ಟು ವರ್ಷ ಒಂದೇ ಕಿವಿಯಲ್ಲಿ ಇತ್ತು, ಈಗ ಇನ್ನೊಂದಕ್ಕೂ ದಾಟಿದೆ."

ಮಕ್ಕಳನ್ನು ಈಗ ಮಗನೇ ಬಿಡುತ್ತಿದ್ದ; ತಿಂಗಳ ಕೊನೆಗೆ ಬೇರೆ ವ್ಯಾನಿಗೆ ಒಪ್ಪಿಸುವುದೆಂದು ಮಾತಾಗಿತ್ತು. ಶುಕ್ರವಾರ ಒಬ್ಬ ಹುಡುಗನಿಗೆ ಜ್ವರ, ಒಂದು ಸೀಟು ಖಾಲಿ. ನನ್ನ ಆಫೀಸು ಅದೇ ದಾರಿಯಲ್ಲಿದ್ದುದರಿಂದ ಹತ್ತಿಕೊಂಡೆ. ಕೊನೆಯ ಸಾಲಿನಲ್ಲಿ, ಎಡಗಡೆ, ಎಲ್ಲರಿಗಿಂತ ಚಿಕ್ಕವಳ ಪಕ್ಕ ಕೂತೆ. ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಮುಂದೆ ಮಗ ಕಿಟಕಿ ಇಳಿಸಿ ರೇಡಿಯೋ ಹಾಕಿದ್ದ. ಬೆಳಗಿನ ನಿದ್ದೆ ಬಿಡದ ಗುಬ್ಬಿ ನನ್ನ ತೋಳಿಗೆ ಒರಗಿದಳು.

ಜಲಾಶಯದ ರಸ್ತೆಗೆ ಬಂದು ಗಾಡಿ ವೇಗ ಹಿಡಿದಾಗ ನನ್ನ ತೋಳಿನೊಳಗೆ ಏನೋ ನಡುಗಿದಂತಾಯಿತು. ನೋಡಿದರೆ ಗುಬ್ಬಿ ಬಾಯಿ ಮುಚ್ಚಿಕೊಂಡು, ಅರೆಗಣ್ಣಿನಲ್ಲಿ, ಒಂದೇ ಸ್ವರ ಎಳೆಯುತ್ತಿದ್ದಳು. ಮ್‌ಮ್‌ಮ್. ಹಾಡಲ್ಲ, ರಾಗವಿಲ್ಲ. ಅವಳ ಆಚೆಯ ಹುಡುಗನೂ ಪುಸ್ತಕ ನೋಡುತ್ತಲೇ ಅದೇ ಸ್ವರ. ನಡುಸಾಲಿನ ಇಬ್ಬರು ಹುಡುಗಿಯರು, ಮುಂದಿನ ಸೀಟಿನ ಹುಡುಗ, ಹೊರಗೆ ನೋಡುತ್ತ ಅದೇ ಸ್ವರ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

ರಸ್ತೆ ಬಲಕ್ಕೆ ತಿರುಗಿತು. ಐದು ಮಕ್ಕಳ ದನಿಯೂ ಒಟ್ಟಿಗೆ ಏರಿತು. ಎಡಕ್ಕೆ ತಿರುಗಿತು. ಐದೂ ಒಟ್ಟಿಗೆ ನಿಂತವು, ಯಾರೋ ಪಿನ್ನು ಎಳೆದ ಹಾಗೆ. ರಸ್ತೆ ನೇರವಾದ ಕೂಡಲೇ ಮತ್ತೆ ಶುರು.

"ಗುಬ್ಬಿ, ಏನು ಹಾಡ್ತಿದೀಯ?"

ಅವಳು ಕಣ್ಣುಬಿಟ್ಟಳು. "ನಾನಾ? ಇಲ್ವಲ್ಲ."

ಸೀಟಿನ ಬದಿಯ ಪ್ಲಾಸ್ಟಿಕ್ಕಿಗೆ ಕಿವಿಯಿಟ್ಟೆ. ಇತ್ತು. ದೂರದ ಕೋಣೆಯಲ್ಲಿ ಬಾಯಿ ತೆರೆಯಲಾಗದವರೊಬ್ಬರು ಕರೆಯುತ್ತಿರುವಂತೆ, ತೆಳ್ಳಗೆ, ಬಿಡದೆ. ನಮ್ಮೂರಿನಲ್ಲಿ ಬಂಡಿಯ ಅಚ್ಚು ಒಣಗಿದರೆ ಎತ್ತು ಮೊದಲು ಕಿವಿ ನಿಮಿರಿಸುತ್ತಿತ್ತು, ಆಮೇಲೆ ನಮಗೆ ಗೊತ್ತಾಗುತ್ತಿತ್ತು. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಬೀಳುವುದು ಎಡಚಕ್ರದ ಮೇಲೆ. ಮುಂದೆ ಬಾಗಿ, "ನಿಧಾನಕ್ಕೆ ಹೋಗಿ," ಎಂದೆ. "ಎಡಗಡೆದು ಕೆಟ್ಟಿದೆ."

ಮಗ ರೇಡಿಯೋ ಆರಿಸಿದ. ಕನ್ನಡಿಯಲ್ಲಿ ಮಕ್ಕಳನ್ನು ನೋಡಿದ. ಗಾಡಿಯ ವೇಗ ಇಳಿಸಿದ.

ಆಫೀಸಿಗೆ ಹೋಗಲಿಲ್ಲ. ಮಕ್ಕಳನ್ನು ಇಳಿಸಿ, ಎತ್ತಿನ ನಡಿಗೆಯಲ್ಲಿ ಗಾಡಿಯನ್ನು ಮನೆಗೆ ತಂದೆವು. ನಾನು ಹೇಳಿದ್ದನ್ನೆಲ್ಲ ಆಪರೇಟರಮ್ಮ ಕಿಟಕಿಯ ಹತ್ತಿರವೇ ಕೂತು ಕೇಳಿದರು. ಮಕ್ಕಳ ವಿಷಯ ಬಂದಾಗ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಹಣೆ ಚಚ್ಚಿಕೊಂಡರು. "ಒಂದೇ ಕಿವಿ ಇರೋರಿಗೆ ಲೋಕದ ಸದ್ದೆಲ್ಲ ಆ ಕಡೆಯಿಂದಲೇ ಬರತ್ತೆ! ಇದು ಗೊತ್ತಿದ್ದೂ ಬಲಗಡೆ ಅಂದೆನಲ್ಲ!"

ಈ ಸಲ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಗಾಡಿ ಎತ್ತಿ, ಎಡಗಡೆಯ ಸ್ಪ್ರಿಂಗಿನ ಮೇಲೆ ಮೂರು ಬೆರಳಿಟ್ಟು ಚಕ್ರ ತಿರುಗಿಸಿದರು. ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟರು. ಕಬ್ಬಿಣದೊಳಗೆ ಇರುವೆ ಸಾಲು ಹರಿದಂತಿತ್ತು. ಮಗನೂ ಮುಟ್ಟಿ ನೋಡಿದ, ಕೈ ಸುಟ್ಟವನಂತೆ ಹಿಂದೆಳೆದುಕೊಂಡ.

ಅವನೇ ಓಡಿ ಹೋಗಿ ಹೊಸದನ್ನು ತಂದ. ಹಳೆಯದನ್ನು ಬಡಿದು ತೆಗೆಯುವಾಗ ಅದು ಇಡಿಯಾಗಿ ಬರಲಿಲ್ಲ. ಎರಡು ಹೋಳಾಗಿ ಬಿಚ್ಚಿಕೊಂಡಿತು. ಉಕ್ಕಿನ ಗುಂಡುಗಳು ಸಿಮೆಂಟಿನ ಮೇಲೆ ಚೆಲ್ಲಿ ಉರುಳಿದವು. ಕೆಲವು ಸುಟ್ಟು ನೀಲಿಯಾಗಿದ್ದವು, ಒಂದು ಅರ್ಧ ಒಡೆದಿತ್ತು. ಗುಂಡು ಕೂರುವ ಗೂಡುಗಳು ಹದಿನಾಲ್ಕಿದ್ದವು. ಗುಂಡು ಹದಿಮೂರೇ ಸಿಕ್ಕವು. ಅಂಗಳ ಗುಡಿಸಿ ನೋಡಿದೆವು, ಚರಂಡಿಯ ಜಾಲರಿ ಎತ್ತಿ ನೋಡಿದೆವು. ಹದಿನಾಲ್ಕನೆಯದು ಇವತ್ತಿನವರೆಗೂ ಸಿಕ್ಕಿಲ್ಲ.

ಮಗ ಒಡೆದ ಗುಂಡನ್ನು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. "ಇನ್ನೊಂದು ವಾರ ನಾನೇ ಓಡಿಸ್ತಿದ್ದೆ ಅಮ್ಮ. ಅದೇ ಇಳಿಜಾರಲ್ಲಿ. ನನಗೂ ಕೇಳಿಸಬೇಕಿತ್ತು."

"ಕನ್ನಡಕ ಮಾರೋನಿಗೆ ಕಿವಿ ಯಾಕೆ, ಬಿಡು," ಎಂದರು ಅವರು. ಅವನು ಕೀ ಚಾಚಿದ. ಗ್ರೀಸಿನ ಕೈಯನ್ನು ಒರೆಸಿಕೊಳ್ಳದೆಯೇ ತೆಗೆದುಕೊಂಡರು.

ಸಂಜೆ ನಾವಿಬ್ಬರೇ ಜಲಾಶಯದ ರಸ್ತೆಯಲ್ಲಿ ಹೋಗಿ ಬಂದೆವು. ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. ಟೈರಿನ ಸರಸರ ಬಿಟ್ಟು ಏನೂ ಇಲ್ಲ. "ನಿಂತಿತಾ ಅಮ್ಮ?" ಎಂದೆ.

"ಚಕ್ರದ್ದು ನಿಂತಿತು."

ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, "ಇನ್ನೊಂದು ಇದೆ. ಅದಕ್ಕೆ ಬಿಡಿಭಾಗ ಸಿಗಲ್ಲ," ಎಂದರು. "ನನ್ನ ಮಗನಿಗೆ ಹೇಳಬೇಡ."

ಸೋಮವಾರ ಅವರೇ ಮಕ್ಕಳನ್ನು ಕರೆದೊಯ್ದರು. ದಾರಿಯುದ್ದಕ್ಕೂ ಯಾರೂ ಗುಂಯ್‌ಗುಡಲಿಲ್ಲವಂತೆ. ಶಾಲೆಯ ಗೇಟಿನ ಮುಂದೆ ಇಂಜಿನ್ ಆರಿಸಿ, ಎಲ್ಲರೂ ಇಳಿದು, ಗುಬ್ಬಿಯೊಬ್ಬಳು ಚೀಲ ಹುಡುಕುತ್ತಿದ್ದಾಗ ಮತ್ತೆ ಅದೇ ಸ್ವರ ಕೇಳಿತಂತೆ. ಆಪರೇಟರಮ್ಮ ತಿರುಗಿ, "ಸಾಕು ಪುಟ್ಟಿ, ಚಕ್ರ ಸರಿಹೋಯ್ತು," ಎಂದರಂತೆ. "ನಾನು ಈಗ ಹಾಡಿದ್ದು ಚಕ್ರದ್ದಲ್ಲ ಅಜ್ಜಿ," ಎಂದಳಂತೆ ಗುಬ್ಬಿ, ಚೀಲ ಹೆಗಲಿಗೇರಿಸಿ ಇಳಿದು ಹೋದಳಂತೆ. ಇದನ್ನು ನನಗೆ ಹೇಳುವಾಗ ಅವರು ನಗುತ್ತಿದ್ದರು. ಆದರೆ ಕೈ ಎಡಗಿವಿಯ ಮೇಲಿತ್ತು.

ಇದಾಗಿ ಎರಡು ವರ್ಷವಾಯಿತು. ಆಪರೇಟರಮ್ಮ ಈಗಲೂ ಅದೇ ಗಾಡಿಯಲ್ಲಿ ಆರು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಾರೆ. ಪ್ರತಿ ಭಾನುವಾರ ಗಾಡಿ ಎತ್ತಿ, ಸ್ಪ್ರಿಂಗಿನ ಮೇಲೆ ಬೆರಳಿಟ್ಟು, ನಾಲ್ಕೂ ಚಕ್ರ ತಿರುಗಿಸಿ ನೋಡುತ್ತಾರೆ. ಸಂಜೆ ಒಂದೊಂದು ಮಗುವನ್ನು ಮನೆಗೆ ಬಿಟ್ಟ ಮೇಲೂ ಒಳಗಿನಿಂದ ಯಾರಾದರೂ ಬಂದು, ಬಾಯಿ ತೆರೆದು ಒಂದು ಮಾತಾಡುವ ತನಕ ಅವರು ಗಾಡಿ ಮುಂದಕ್ಕೆ ಬಿಡುವುದಿಲ್ಲ.